ಬಿನೈನ್ ಎಂದ ಮೇಲೂ ಆಪರೇಷನ್ ಏಕೆ? – ಒಂದು ಆಪ್ತಸಲಹೆ ಪ್ರಕರಣ

ಬಂದವರು ಮೂವತ್ತರ ಆಸುಪಾಸಿನ ಮಹಿಳೆ, ಜೊತೆಗೆ ಅವರ ಅಣ್ಣ. (ಗುರುತು ಸಿಗುವ ವಿವರಗಳನ್ನು ಬದಲಿಸಿದೆ.) ತಿಂಗಳುಗಟ್ಟಲೆ ಮಂಡಿನೋವು, ತೊಡೆಮೂಳೆಯ ಕೆಳತುದಿಯಲ್ಲಿ ಗಡ್ಡೆ. ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ವರದಿ: ಜೈಂಟ್ ಸೆಲ್ ಟ್ಯೂಮರ್ (ದೈತ್ಯಕೋಶಗಳಿರುವ ಮೂಳೆಗಡ್ಡೆ), ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲ. ಆದರೂ ಮೂಳೆ ಕೆರೆದು ಸಿಮೆಂಟ್ ತುಂಬಬೇಕು, ಎದೆಯ ಸ್ಕ್ಯಾನ್ ಕೂಡ ಆಗಬೇಕು ಎಂದಿದ್ದರು ವೈದ್ಯರು. "ಕ್ಯಾನ್ಸರೇ ಇರಬೇಕು, ಮುಚ್ಚಿಡ್ತಿದ್ದಾರೆ" ಎಂದು ಅಣ್ಣನ ಅನುಮಾನ. ತಂಗಿಯದು ತದ್ವಿರುದ್ಧ: "ಬಿನೈನ್ ಅಂದ್ಮೇಲೆ ಹಾಗೇ ಬಿಟ್ರೆ ಆಗಲ್ವಾ?"

ಇಬ್ಬರ ಲೆಕ್ಕದಲ್ಲೂ ಇದ್ದದ್ದು ಎರಡೇ ಗುಂಪು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣದಲ್ಲಿ ಬಿನೈನ್, ಮ್ಯಾಲಿಗ್ನಂಟ್ (ಕ್ಯಾನ್ಸರ್) ಎರಡರ ನಡುವೆ ಇನ್ನೊಂದು ಗುಂಪಿದೆ. ಜೈಂಟ್ ಸೆಲ್ ಟ್ಯೂಮರ್ ಸೇರುವುದು ಅಲ್ಲಿಗೆ. ಇದು ಇದ್ದಲ್ಲೇ ಮೂಳೆಯನ್ನು ತಿನ್ನುತ್ತದೆ, ತೆಗೆದ ಮೇಲೂ ಮರುಕಳಿಸಬಹುದು, ಅಪರೂಪಕ್ಕೆ ಶ್ವಾಸಕೋಶದಲ್ಲೂ ಕಾಣಿಸಿಕೊಳ್ಳುತ್ತದೆ. ಎದೆಯ ಸ್ಕ್ಯಾನ್ ಅದಕ್ಕೇ, ಮುಚ್ಚಿಡುವುದೇನೂ ಇರಲಿಲ್ಲ.

ಯಾವ ಗುಂಪೆಂಬ ಮೊದಲ ಸುಳಿವು ಎಕ್ಸ್‌ರೇಯಲ್ಲಿ ಗಡ್ಡೆಯ ಅಂಚು. ಸುತ್ತ ತೆಳು ಬಿಳಿ ಗೆರೆಯಿದ್ದರೆ ಅದು ನಿಧಾನವಾಗಿ ಬೆಳೆಯುತ್ತಿದೆ ಎಂದರ್ಥ; ಮಕ್ಕಳ ಮೂಳೆಯಲ್ಲಿ ಕಾಣುವ ನಾನ್‌ಆಸಿಫೈಯಿಂಗ್ ಫೈಬ್ರೋಮಾ ಎಂಬ ಬಿನೈನ್ ಗಡ್ಡೆ ಹೀಗಿರುತ್ತದೆ, ಬಹುಪಾಲು ತಾನೇ ಮಾಯುತ್ತದೆ. ಅಂಚೇ ಸಿಗದೆ ನುಸಿ ತಿಂದಂತಿದ್ದು, ಮೂಳೆಯ ಹೊರಪೊರೆ ಎದ್ದಿದ್ದರೆ ಆಸ್ಟಿಯೋಸಾರ್ಕೋಮಾ, ಯೂಯಿಂಗ್ ಸಾರ್ಕೋಮಾದಂಥ ಮೂಳೆ ಕ್ಯಾನ್ಸರ್ ಅಥವಾ ಮೂಳೆಯ ಸೋಂಕನ್ನು ಶಂಕಿಸಬೇಕು. ಈಕೆಯ ಚಿತ್ರ ನಡುವಿನದು: ಅಂಚು ಸ್ಪಷ್ಟ, ಬಿಳಿ ಗೆರೆಯಿಲ್ಲ, ಗಡ್ಡೆ ಕೀಲಿನ ಹತ್ತಿರದವರೆಗೂ ಚಾಚಿದೆ.

ಬಯಾಪ್ಸಿಯೊಂದನ್ನೇ ನೆಚ್ಚುವಂತಿಲ್ಲ. ದೈತ್ಯಕೋಶಗಳು ಕೆಲವು ಆಸ್ಟಿಯೋಸಾರ್ಕೋಮಾಗಳಲ್ಲೂ, ಪ್ಯಾರಾಥೈರಾಯ್ಡ್ (ಕುತ್ತಿಗೆಯಲ್ಲಿದ್ದು ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ) ಗ್ರಂಥಿಯ ಕಾಯಿಲೆಯಿಂದಾಗುವ 'ಬ್ರೌನ್ ಟ್ಯೂಮರ್'ನಲ್ಲೂ ಇರುತ್ತವೆ. ಎರಡನೆಯದಕ್ಕೆ ಚಿಕಿತ್ಸೆ ಬೇಕಿರುವುದು ಮುಖ್ಯವಾಗಿ ಗ್ರಂಥಿಗೆ. ಆದ್ದರಿಂದ ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಆಗಿದೆಯೇ ಎಂದು ಕೇಳಲು ಹೇಳಲಾಯಿತು. ಅಣ್ಣನಿಗೆ ಒಂದು ಕೆಲಸ ಒಪ್ಪಿಸಲಾಯಿತು: ಬಯಾಪ್ಸಿ ತುಣುಕಿನ ಗಾಜಿನ ಸ್ಲೈಡ್, ಮೇಣದ ಬ್ಲಾಕ್‌ಗಳ ಜೊತೆ ಎಕ್ಸ್‌ರೇ, ಎಂಆರ್‌ಐಗಳನ್ನೂ ಒಯ್ದು ಮೂಳೆಗಡ್ಡೆಗಳಲ್ಲಿ ಅನುಭವವಿರುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದು. ಚಿತ್ರಗಳಿಲ್ಲದೆ ಬರಿಯ ಸ್ಲೈಡ್ ಕಳಿಸಿದರೆ ಎರಡನೇ ಅಭಿಪ್ರಾಯ ಅರ್ಧಂಬರ್ಧವೇ.

ತಂಗಿಗೆ ಹೇಳಿದ್ದು: ಮೂಳೆಯ ಗೋಡೆ ತೆಳುವಾಗಿದೆ, ಸ್ವಲ್ಪ ಜಾರಿದರೂ ಮುರಿಯಬಹುದು. ವೈದ್ಯರು ಭಾರ ಹಾಕಬಹುದು ಎನ್ನುವವರೆಗೆ ಊರುಗೋಲು ಬಿಡಬೇಡಿ, ಮಂಡಿಯನ್ನು ತಿಕ್ಕಿಸಬೇಡಿ. ಡೆನೋಸುಮಾಬ್ ಎಂಬ, ಮೂಳೆ ಕರಗುವುದನ್ನು ತಡೆಯುವ ಚುಚ್ಚುಮದ್ದಿನ ಮಾತು ಬಂದರೆ, ಮಗುವಿನ ಯೋಚನೆಯಿದೆಯೇ ಎಂಬುದನ್ನು ಮೊದಲೇ ತಿಳಿಸಿ, ಹಲ್ಲಿನ ತಪಾಸಣೆ ಮಾಡಿಸಿ. ಅದನ್ನು ಕೊಟ್ಟ ಮೇಲೆ ಗಡ್ಡೆ ಕೆರೆದರೆ ಮರುಕಳಿಕೆ ಹೆಚ್ಚಬಹುದೇ ಎಂದೂ ಸರ್ಜನ್‌ರನ್ನು ಕೇಳಿ. ಕೇಳಬೇಕಾದ ಪ್ರಶ್ನೆಯೇ ಅದು.

ಮರುಕಳಿಕೆ ಹೆಚ್ಚಾಗಿ ಕಾಣುವುದು ಮೊದಲ 2–3 ವರ್ಷಗಳಲ್ಲಿ. ಸಿಮೆಂಟಿನ ಸುತ್ತ ಹೊಸದಾಗಿ ಮೂಳೆ ಕರಗಿದರೆ ಎಕ್ಸ್‌ರೇಯಲ್ಲಿ ಬೇಗ ತಿಳಿಯುತ್ತದೆ. ನೋವಿಲ್ಲವೆಂದು ತಪಾಸಣೆ ತಪ್ಪಿಸುವಂತಿಲ್ಲ. ಹಳೆಯ ಎಕ್ಸ್‌ರೇಗಳನ್ನು ಪ್ರತಿ ಸಲವೂ ಜೊತೆಗೊಯ್ಯಬೇಕು.