ಲೈಟ್‌ಫೀಲ್ಡ್ ಚಿತ್ರಗಳನ್ನು ಯಾರು ಬೇಕಾದರೂ ಮತ್ತೆ ಫೋಕಸ್ ಮಾಡುವಂತೆ ಉಳಿಸುವುದು ಹೇಗೆ?

ಪ್ರಶ್ನೆ: ವಿದೇಶದಲ್ಲಿರುವ ಅಣ್ಣ ತಾನು ಬಳಸುತ್ತಿದ್ದ ಲೈಟ್ರೋ ಇಲ್ಲಮ್ ಕ್ಯಾಮೆರಾವನ್ನು (ತೆಗೆದ ಮೇಲೂ ಫೋಕಸ್ ಬದಲಿಸಬಹುದಾದ ಲೈಟ್‌ಫೀಲ್ಡ್ ಚಿತ್ರ ತೆಗೆಯುವಂಥದ್ದು) ನನಗೆ ಕೊಟ್ಟಿದ್ದಾನೆ. ಮಾಜಾಳಿ ಬಳಿಯ ತಿಳಮಾತಿ ತೀರದಲ್ಲಿ ಇಳಿತದ ಹೊತ್ತು ಬಂಡೆಗುಳಿಗಳ ಏಡಿ, ಸೀ ಅನಿಮೊನ್‌ಗಳ ಚಿತ್ರ ತೆಗೆಯುತ್ತಿದ್ದೇನೆ. ಕಂಪನಿ ಮುಚ್ಚಿಹೋಗಿದೆ. ಬೇರೆ ಕ್ಯಾಮೆರಾ ಇರುವ ಗೆಳೆಯರೂ ಈ ಚಿತ್ರಗಳ ಫೋಕಸ್ ಬದಲಿಸಿಕೊಳ್ಳಬೇಕೆಂದರೆ ಯಾವ ರೂಪದಲ್ಲಿ ಇಡಬೇಕು?
– ಓದುಗರು, ಕಾರವಾರ

ಉತ್ತರ: ಎಲ್ಲಕ್ಕಿಂತ ಮೊದಲು ಅಣ್ಣನಿಗೆ ಫೋನ್ ಮಾಡಿ, ಕ್ಯಾಮೆರಾದ ಕ್ಯಾಲಿಬ್ರೇಷನ್ ಕಡತವನ್ನು ಕೇಳಿ ಪಡೆಯಿರಿ. ಅದು ಜೊತೆಗೆ ಬಂದ ಎಸ್‌ಡಿ ಕಾರ್ಡಿನಲ್ಲೋ ಲೈಟ್ರೋ ತಂತ್ರಾಂಶ ಹಾಕಿದ್ದ ಹಳೆಯ ಕಂಪ್ಯೂಟರಿನಲ್ಲೋ ಇರಬಹುದು. ಕಂಪನಿ 2018ರಲ್ಲೇ ಬಾಗಿಲು ಮುಚ್ಚಿದ ಕಾರಣ, ಕಳೆದುಹೋದರೆ ಮತ್ತೆ ಕೊಡುವವರಿಲ್ಲ.

ಆ ಕಡತ ಏಕೆ ಬೇಕು ಎಂಬುದನ್ನು ವಿವರಿಸುತ್ತೇನೆ. ಸೆನ್ಸರಿನ ಮುಂದೆ ಸೂಕ್ಷ್ಮ ಮಸೂರಗಳ ಒಂದು ಹಾಳೆ ಇದೆ. ಕಚ್ಚಾ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಜೇನುಹುಟ್ಟಿನ ಕೋಣೆಗಳಂತೆ ಒತ್ತೊತ್ತಾಗಿ ಜೋಡಿಸಿದ ಬೆಳಕಿನ ಬಿಲ್ಲೆಗಳು ಕಾಣುತ್ತವೆ. ಒಂದೊಂದು ಬಿಲ್ಲೆಯೊಳಗಿನ ಪಿಕ್ಸೆಲ್‌ಗಳು, ಆ ಜಾಗಕ್ಕೆ ಬೆಳಕು ಯಾವ ಯಾವ ದಿಕ್ಕಿನಿಂದ ಎಷ್ಟು ಬಂತೆಂದು ದಾಖಲಿಸುತ್ತವೆ. ಈ ಹಾಳೆ ಪ್ರತಿ ಕ್ಯಾಮೆರಾದಲ್ಲೂ ಕೂದಲೆಳೆಯಷ್ಟು ಓರೆಯಾಗಿ, ಬೇರೆ ಬೇರೆ ರೀತಿಯಲ್ಲಿ ಕೂತಿರುತ್ತದೆ. ಜೂಮ್ ಮತ್ತು ಫೋಕಸ್ ಬದಲಾದಂತೆ ಬಿಲ್ಲೆಗಳ ಸ್ಥಾನವೂ ಸರಿಯುತ್ತದೆ. ಆದ್ದರಿಂದಲೇ ಬಿಳಿಯ ಹಿನ್ನೆಲೆಯನ್ನು ಹಲವು ಜೂಮ್ ಮಟ್ಟಗಳಲ್ಲಿ ಸೆರೆಹಿಡಿದ ಚಿತ್ರಗಳು ಆ ಕಡತದಲ್ಲಿವೆ. ಬಿಲ್ಲೆಗಳ ನಡುಬಿಂದು ಎಲ್ಲಿದೆ, ಅಂಚು ಎಷ್ಟು ಕಪ್ಪಾಗುತ್ತದೆ ಎಂಬುದು ಅವುಗಳಿಂದಲೇ ತಿಳಿಯಬೇಕು. ಅವಿಲ್ಲದೆ ಎಲ್‌ಎಫ್‌ಆರ್ ಕಡತವನ್ನಷ್ಟೇ (ಇಲ್ಲಮ್‌ನ ಕಚ್ಚಾ ಚಿತ್ರದ ಕಡತ) ಕಾಪಾಡಿಟ್ಟರೆ ಮುಂದೆ ಅದನ್ನು ಸರಿಯಾಗಿ ಬಿಡಿಸುವುದು ಬಹಳ ಕಷ್ಟ.

ಈಗ ರೂಪದ ವಿಚಾರ. ನನ್ನ ಖಚಿತ ಸಲಹೆ: ಕಚ್ಚಾ ಕಡತವನ್ನೂ ಕ್ಯಾಲಿಬ್ರೇಷನ್ ಕಡತವನ್ನೂ ಒಂದೇ ಫೋಲ್ಡರಿನಲ್ಲಿಡಿ; ಅದರ ಪಕ್ಕದಲ್ಲೇ, ಬಿಡಿಸಿದ ನೋಟಗಳ ಚೌಕಜಾಲವನ್ನೂ ಇಡಿ. ಎಲ್ಲ ಬಿಲ್ಲೆಗಳಿಂದಲೂ ಒಂದೇ ಸ್ಥಾನದ ಪಿಕ್ಸೆಲ್ ಆಯ್ದು ಜೋಡಿಸಿದರೆ, ಮಸೂರದ ಒಂದು ಮೂಲೆಯಿಂದ ಕಂಡ ಇಡೀ ದೃಶ್ಯ ಸಿಗುತ್ತದೆ; ಅದೇ ಒಂದು ನೋಟ. ಡೊನಾಲ್ಡ್ ಡಾನ್ಸೆರೊ ಅವರ ಲೈಟ್ ಫೀಲ್ಡ್ ಟೂಲ್‌ಬಾಕ್ಸ್ (ಇದಕ್ಕೆ ಮ್ಯಾಟ್‌ಲ್ಯಾಬ್ ಎಂಬ ಗಣಿತ ತಂತ್ರಾಂಶ ಬೇಕು) ಇಲ್ಲಮ್ ಚಿತ್ರವನ್ನು 15×15 ನೋಟಗಳಾಗಿ ಬಿಡಿಸುತ್ತದೆ. ಒಂದೊಂದೂ 625×434 ಪಿಕ್ಸೆಲ್. ಪೈಥಾನ್ ಬಲ್ಲವರಿಗೆ ಪ್ಲೆನಾಪ್ಟಿಕ್ಯಾಮ್ ಎಂಬ ಮುಕ್ತ ತಂತ್ರಾಂಶವಿದೆ. ಅಂಚಿನ ನೋಟಗಳು ಕತ್ತಲಾಗಿರುವುದರಿಂದ ನಡುವಿನ 13×13 ಸಾಕು. 16 ಬಿಟ್ ಪಿಎನ್‌ಜಿಯಲ್ಲಿ, ಗಾಮಾ (ಕಣ್ಣಿಗೆ ಹಿತವಾಗುವಂತೆ ಬೆಳಕಿನ ಮಟ್ಟ ತಿದ್ದುವ ಕ್ರಮ) ಹಚ್ಚದೆ ಉಳಿಸಿ. ಫೋಕಸ್ ಬದಲಿಸುವುದೆಂದರೆ ಬೆಳಕನ್ನು ಕೂಡಿಸುವುದು. ಕಣ್ಣಿಗೆ ಹಿತವಾಗುವಂತೆ ಮೊದಲೇ ತಿದ್ದಿದ ಬೆಳಕನ್ನು ಕೂಡಿಸಿದರೆ ನೀರಿನ ಹೊಳಪಿನ ಸುತ್ತ ಲೆಕ್ಕ ತಪ್ಪುತ್ತದೆ.

ನೋಟಗಳು ಕೈಯಲ್ಲಿದ್ದರೆ ಫೋಕಸ್ ಬದಲಿಸುವುದು ಶಾಲಾ ಗಣಿತ. ನಡುವಿನ ನೋಟದಿಂದ ಎಷ್ಟು ದೂರವೋ ಅಷ್ಟಕ್ಕೆ ತಕ್ಕಂತೆ ಪ್ರತಿ ನೋಟವನ್ನೂ ಸರಿಸಿ, ಎಲ್ಲದರ ಸರಾಸರಿ ತೆಗೆಯಬೇಕು. ಸರಿತದ ಪ್ರಮಾಣ ಬದಲಿಸಿದರೆ ಏಡಿಯ ಕೊಂಡಿಯಿಂದ ಅದರ ಹಿಂದಿನ ಬಂಡೆಗೆ ಫೋಕಸ್ ಹೋಗುತ್ತದೆ. ಎಡವುವುದು ದಿಕ್ಕಿನಲ್ಲಿ. ನಿಮ್ಮ ಸಾಲುಗಳು ಮೇಲಿನಿಂದ ಕೆಳಕ್ಕೆ ಎಣಿಸಿದ್ದು, ಗೆಳೆಯರ ತಂತ್ರಾಂಶ ಕೆಳಗಿನಿಂದ ಮೇಲಕ್ಕೆ ಎಣಿಸಿದರೆ, ನೆಟ್ಟಗಿನ ಗೆರೆಗಳು ಸ್ಪಷ್ಟವಾಗಿ ಅಡ್ಡಗೆರೆಗಳು ಮಾತ್ರ ಮಸುಕಾಗುತ್ತವೆ. ಇದನ್ನು ಕಂಡು ಮಸೂರವೇ ಕೆಟ್ಟಿತೆಂದು ಗಾಬರಿಯಾಗಬೇಡಿ. ಒಂದು ಚಿಕ್ಕ ಪಠ್ಯ ಕಡತ ಇದನ್ನು ತಪ್ಪಿಸುತ್ತದೆ. ಎಷ್ಟು ಸಾಲು, ಎಷ್ಟು ಕಂಬಸಾಲು, ಎಣಿಕೆ ಯಾವ ಮೂಲೆಯಿಂದ, ನಡುವಿನ ನೋಟ ಯಾವುದು, ಜೂಮ್ ಎಷ್ಟಿತ್ತು, ಮಸೂರದಿಂದಾದ ವಕ್ರತೆ ತಿದ್ದಿದೆಯೇ ಎಂಬುದನ್ನು ಅದರಲ್ಲಿ ಬರೆದಿಡಿ. ಗೆಳೆಯರೂ ಇದೇ ಕ್ರಮಕ್ಕೆ ಒಪ್ಪಿದರೆ ಕ್ಯಾಮೆರಾ ಯಾವುದಾದರೂ ಒಂದೇ ಪ್ರೋಗ್ರಾಂ ಸಾಕು.

ಅಂತರರಾಷ್ಟ್ರೀಯ ಮಾನಕವೂ ಇದೆ. ಜೆಪೆಗ್ ಪ್ಲೆನೊ ಎಂಬ ಐಎಸ್‌ಒ 21794ರ ಲೈಟ್‌ಫೀಲ್ಡ್ ಭಾಗ 2021ರಲ್ಲಿ ಪ್ರಕಟವಾಯಿತು. ಒಳ್ಳೆಯ ಕೆಲಸವೇ, ಆದರೆ ದಿನಬಳಕೆಯ ಫೋಟೊ ತಂತ್ರಾಂಶಗಳಲ್ಲಿ ಅದರ ಬೆಂಬಲ ವಿರಳ. ಅದಕ್ಕಾಗಿ ಕಾಯದೆ ಪಿಎನ್‌ಜಿಯಲ್ಲಿ ಇಡಿ. ಮುಂದೆ ಬೇಕೆನಿಸಿದರೆ ಪರಿವರ್ತಿಸಬಹುದು. ಜಾಗ ಮಾತ್ರ ಬೇಕು: ಕಚ್ಚಾ ದತ್ತಾಂಶವೇ ಚಿತ್ರಕ್ಕೆ ಸುಮಾರು 52 ಎಂಬಿ, 225 ನೋಟಗಳನ್ನೂ 16 ಬಿಟ್‌ನಲ್ಲಿ ಬಿಡಿಸಿದರೆ ಸಂಕುಚನಕ್ಕೆ ಮುನ್ನ ಸುಮಾರು 366 ಎಂಬಿ.

ನಿಮ್ಮ ಬಂಡೆಗುಳಿಗಳಿಗಾಗಿ ಇನ್ನೆರಡು ಮಾತು. ನೀರಿನ ಮೇಲಿನ ಬಿಸಿಲ ಮಿಂಚು ನೋಟದಿಂದ ನೋಟಕ್ಕೆ ಜಾಗ ಬದಲಿಸುತ್ತದೆ. ಸರಾಸರಿಯ ಬದಲು ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಬೆಲೆ) ತೆಗೆದು ನೋಡಿ, ಸಣ್ಣ ಮಿಂಚುಗಳು ಎಷ್ಟೋ ಮಾಯವಾಗುತ್ತವೆ. ಹಾಗೆಯೇ, ಮೇಲಿನಿಂದ ನೇರವಾಗಿ ತೆಗೆದಾಗ ನೀರಿನ ವಕ್ರೀಭವನದಿಂದ ಗುಳಿಯ ಆಳ ನಿಜದ ಮುಕ್ಕಾಲರಷ್ಟೇ ಕಾಣುತ್ತದೆ. ಸರಿತದಿಂದ ಆಳ ಅಳೆಯುವುದಾದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಮಾರಿಕಾಂಬಾ ಜಾತ್ರೆಯಲ್ಲಿ ಮೊಬೈಲಿನಿಂದ ತೆಗೆದ ರಥದ ಚಿತ್ರ ಮಸುಕಾಗಿದೆ. ಈಗ ಫೋಕಸ್ ಸರಿಪಡಿಸಬಹುದೇ?
– ಓದುಗರು, ಶಿರಸಿ

ಉತ್ತರ: ಮೇಲೆ ಹೇಳಿದ ವಿಧಾನದಿಂದ ಆಗುವುದಿಲ್ಲ. ಸಾಮಾನ್ಯ ಚಿತ್ರದಲ್ಲಿ ಬೆಳಕಿನ ದಿಕ್ಕಿನ ದಾಖಲೆಯೇ ಇರುವುದಿಲ್ಲ. ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದಿದ್ದರೂ ಅಷ್ಟೆ: ಫೋನ್ ಆಳವನ್ನು ಅಂದಾಜಿಸಿ, ಸ್ಪಷ್ಟವಾಗಿದ್ದ ಹಿನ್ನೆಲೆಯನ್ನು ಮಸುಕು ಮಾಡಿರುತ್ತದೆ. ಆ ಮಸುಕನ್ನು ಕೆಲವು ಫೋನುಗಳಲ್ಲಿ ಹಿಂದೆಗೆಯಬಹುದು. ಮಸೂರದಿಂದಲೇ ಆದ ಮಸುಕನ್ನು ಹಾಗೆ ತೆಗೆಯಲಾಗದು.