ಒಂಟಿ ಸರೋವರದ ಮೀನು ಎಷ್ಟು ಕಾಲ ಉಳಿದೀತು?

ಪ್ರಶ್ನೆ: ನಮ್ಮೂರ ಕೆರೆ ಬರಗಾಲದಲ್ಲಿ ತಳ ಬಿರಿಯುವಷ್ಟು ಬತ್ತಿದರೂ ಮತ್ತೆ ತುಂಬಿದ ಕೆಲವೇ ತಿಂಗಳಲ್ಲಿ ಮೀನು ಕಾಣಿಸುತ್ತದೆ. ಹೊಳೆ ಹಳ್ಳಗಳ ಸಂಪರ್ಕವೇ ಇಲ್ಲದ ಸರೋವರಗಳಲ್ಲಿ ಮೀನಿನ ಸಂತತಿ ಬಹುಕಾಲ ಹೇಗೆ ಉಳಿಯುತ್ತದೆ? ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವುದರಿಂದ ಅವು ಅಳಿಯುತ್ತವೆಯೇ? ಹಾಗಿದ್ದರೆ ಬೇರೆಡೆಯಿಂದ ಮೀನು ತಂದು ಬಿಟ್ಟು ಅವನ್ನು ಉಳಿಸಲಾಗದೇ? – ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ನಿಮ್ಮ ಕೆರೆಯ ಮಾತು. ನಮ್ಮ ಕೆರೆಗಳು ಹೆಚ್ಚಾಗಿ ಸರಪಣಿಯಂತೆ ಜೋಡಣೆಗೊಂಡಿವೆ. ಮೇಲಿನ ಕೆರೆ ಕೋಡಿ ಹರಿದಾಗ ನೀರಿನ ಜೊತೆಗೆ ಮೀನೂ ಕೆಳಗಿನ ಕೆರೆಗೆ ಇಳಿಯುತ್ತದೆ. ಕೊರವ, ಚೇಳುಮೀನುಗಳಂಥವು ಗಾಳಿಯನ್ನು ಉಸಿರಾಡಬಲ್ಲವಾದ್ದರಿಂದ ಹಸಿ ಕೆಸರಿನಲ್ಲಿ ಅಡಗಿ ಸ್ವಲ್ಪ ಕಾಲ ಕಳೆಯುತ್ತವೆ. ಕಟ್ಲಾ, ರೋಹು ಮರಿಗಳನ್ನು ಜನರೇ ತಂದು ಬಿಡುತ್ತಾರೆ. ಹೀಗಾಗಿ ಒಂದು ಕೆರೆಯಲ್ಲಿ ಮೀನು ನಾಶವಾದರೂ ಆ ನಷ್ಟವನ್ನು ತುಂಬಿಕೊಡಲು ನೆರೆಹೊರೆ ಇದೆ. ಒಂಟಿ ಸರೋವರಕ್ಕೆ ಇಲ್ಲದಿರುವುದು ಈ ನೆರೆಹೊರೆಯೇ. ಅಲ್ಲಿ ಒಮ್ಮೆ ಅಳಿದದ್ದು ತಾನಾಗಿ ಮರಳಿ ಬರುವ ದಾರಿಯಿಲ್ಲ.

ಆದರೂ ಅಂಥ ಸ್ಥಳಗಳಲ್ಲಿ ಮೀನುಗಳು ಅಚ್ಚರಿಪಡುವಷ್ಟು ಕಾಲ ಬಾಳಿವೆ. ನಾನು ಬಲ್ಲ ಅತ್ಯಂತ ತೀವ್ರವಾದ ಉದಾಹರಣೆ ಅಮೆರಿಕದ ನೆವಾಡಾ ರಾಜ್ಯದ ಮರುಭೂಮಿಯಲ್ಲಿರುವ ‘ಡೆವಿಲ್ಸ್ ಹೋಲ್’ ಎಂಬ ನೀರು ತುಂಬಿದ ಸುಣ್ಣಕಲ್ಲಿನ ಗವಿ. ಅದರ ಆಳ 130 ಮೀಟರಿಗೂ ಹೆಚ್ಚು. ತಳವನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ನೀರಿನ ಉಷ್ಣತೆ ವರ್ಷವಿಡೀ ಸುಮಾರು 33 ಡಿಗ್ರಿ ಸೆಲ್ಸಿಯಸ್, ಕರಗಿದ ಆಮ್ಲಜನಕ ಬಹಳ ಕಡಿಮೆ. ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ವರ್ಷದಷ್ಟು ಮಾತ್ರ ಬದುಕುವ ಪಪ್‌ಫಿಶ್‌ನ ಒಂದು ಪ್ರಭೇದ ಪ್ರಪಂಚದಲ್ಲಿ ಸಹಜವಾಗಿ ಇರುವುದು ಇಲ್ಲಿ ಮಾತ್ರ. ಗವಿ ಎಷ್ಟೇ ಆಳವಾಗಿರಲಿ, ಈ ಮೀನು ಮೇಯುವುದೂ ಮೊಟ್ಟೆಯಿಡುವುದೂ ಮುಖ್ಯವಾಗಿ ಬಾಯಿಯ ಬಳಿ ನೀರಿನಲ್ಲಿ ಮುಳುಗಿರುವ ಒಂದು ಕಲ್ಲಿನ ಜಗಲಿಯ ಮೇಲೆ. ಅದು ನಮ್ಮ ಹಳೆಯ ಮನೆಗಳ ಒಂದು ಕೋಣೆಯಷ್ಟಿದೆ, ಅಷ್ಟೇ. ಒಂದು ಪ್ರಭೇದದ ಅಳಿವು ಉಳಿವು ಅಷ್ಟು ಕಿರಿದಾದ ಜಾಗವನ್ನು ನೆಚ್ಚಿಕೊಂಡಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಕಳವಳವಾಗುತ್ತದೆ. ಈ ಮೀನು ಅಲ್ಲಿಗೆ ಸೇರಿ ಎಷ್ಟು ಕಾಲವಾಯಿತು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಕೆಲವರು ನೂರಾರು ವರ್ಷ ಎಂದರೆ ಮತ್ತೆ ಕೆಲವರು ಹತ್ತಾರು ಸಾವಿರ ವರ್ಷ ಎನ್ನುತ್ತಾರೆ. ಆ ಕಾಲವನ್ನು ಅದು ಕೆಲವೇ ನೂರರ ಸಂಖ್ಯೆಯಲ್ಲಿ ಕಳೆದಿದೆ ಎಂಬುದೇ ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು.

ತಮ್ಮತಮ್ಮಲ್ಲೇ ಕೂಡುವುದರಿಂದ ಹಾನಿಯಿಲ್ಲವೇ ಎಂದರೆ, ಖಂಡಿತ ಇದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಮೀನುಗಳ ಜೀನೋಮಿನಲ್ಲಿ, ಅಂದರೆ ಒಟ್ಟು ವಂಶವಾಹಿ ಸಾಮಗ್ರಿಯಲ್ಲಿ, ಸರಾಸರಿ 58 ಶೇಕಡಾ ಭಾಗದಲ್ಲಿ ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಒಂದೇ ತೆರನಾಗಿವೆ ಎಂದು ತೋರಿಸಿತು. ಆಮ್ಲಜನಕದ ಕೊರತೆಯನ್ನು ತಾಳಲು ನೆರವಾಗುವ ಕೆಲವು ವಂಶವಾಹಿಗಳು ಕೂಡ ಅಳಿಸಿಹೋಗಿದ್ದವು. ಸಂಖ್ಯೆ ಚಿಕ್ಕದಿದ್ದಾಗ ಯಾವ ವಂಶವಾಹಿ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಯೋಗ್ಯತೆಗಿಂತ ಹೆಚ್ಚಾಗಿ ಆಕಸ್ಮಿಕವೇ ನಿರ್ಧರಿಸುತ್ತದೆ. ಅದರ ಕೆಡುಕು ನಿಧಾನವಾಗಿ ಕೂಡುತ್ತ ಹೋಗುತ್ತದೆ. ಆದರೆ ನೀರು, ಉಷ್ಣತೆ, ಆಹಾರ ಒಂದೇ ಸಮನಾಗಿರುವ ಕಡೆ ಆ ನಿಧಾನದ ಕೆಡುಕನ್ನು ಹೊತ್ತುಕೊಂಡೇ ಸಂತತಿ ಬಹುಕಾಲ ಮುಂದುವರಿಯಬಲ್ಲದು. ದಾಖಲಾಗಿರುವ ಅಳಿವುಗಳನ್ನು ನೋಡಿದರೆ ಕೊನೆಯ ಪೆಟ್ಟು ಸಾಮಾನ್ಯವಾಗಿ ಹೊರಗಿನಿಂದ, ಮತ್ತು ಬೇಗನೆ ಬಿದ್ದಿದೆ. ಸೊರಗಿದ ವಂಶಕ್ಕೆ ಆ ಪೆಟ್ಟನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ ಎಂಬುದು ಮಾತ್ರ ನಿಜ.

ಡೆವಿಲ್ಸ್ ಹೋಲ್‌ನಲ್ಲಿ ಆ ಪೆಟ್ಟು ಬಂದದ್ದು ಕೊಳವೆಬಾವಿಗಳಿಂದ. 1960ರ ದಶಕದ ಕೊನೆಯಲ್ಲಿ ಸುತ್ತಲಿನ ಜಮೀನುಗಳಿಗಾಗಿ ಅಂತರ್ಜಲವನ್ನು ಎತ್ತತೊಡಗಿದಾಗ ಗವಿಯ ನೀರಿನ ಮಟ್ಟ ಕುಸಿದು ಆ ಕಲ್ಲಿನ ಜಗಲಿ ಬಯಲಾಗತೊಡಗಿತು. ಒಂದು ತೋಟದಲ್ಲಿ ಕೊರೆದ ಬಾವಿ ಇನ್ನೊಂದು ತೋಟದ ತೆರೆದ ಬಾವಿಯನ್ನು ಬತ್ತಿಸುವುದನ್ನು ಕಂಡ ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1976ರಲ್ಲಿ ನ್ಯಾಯಾಲಯವು ಮೀನಿನ ಉಳಿವಿಗೆ ಬೇಕಾದಷ್ಟು ನೀರು ನಿಲ್ಲುವಂತೆ ಪಂಪಿಂಗ್‌ಗೆ ಮಿತಿ ಹಾಕಿದ್ದನ್ನು ಎತ್ತಿಹಿಡಿಯಿತು. ಗವಿಯ ಗೋಡೆಗೆ ಬಡಿದ ಒಂದು ತಾಮ್ರದ ಬಿಲ್ಲೆಯಿಂದ ಇಷ್ಟು ಕೆಳಗಿನವರೆಗೆ ಮಾತ್ರ ನೀರು ಇಳಿಯಬಹುದು ಎಂದು ಮಟ್ಟ ಗೊತ್ತುಮಾಡಲಾಯಿತು. ಒಂದು ಮೀನಿಗಾಗಿ ನೀರನ್ನು ಇಷ್ಟು ಕರಾರುವಾಕ್ಕಾಗಿ ಅಳೆದು ಕಾದಿರಿಸಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಸಂಗತಿ.

ಹಾಗೆಂದು ಅಪಾಯ ಕಳೆದಿಲ್ಲ. 2013ರ ವಸಂತದ ಎಣಿಕೆಯಲ್ಲಿ ಕಂಡದ್ದು 35 ಮೀನುಗಳು ಮಾತ್ರ. 2024ರ ವಸಂತದಲ್ಲಿ 191ಕ್ಕೆ ಏರಿ, ಭೂಕಂಪಗಳಿಂದ ಎದ್ದ ಅಲೆಗಳು ಜಗಲಿಯ ಮೇಲಿನ ಪಾಚಿಯನ್ನೂ ಮೊಟ್ಟೆಗಳನ್ನೂ ಕೊಚ್ಚಿಹಾಕಿದ ಮೇಲೆ 2025ರ ಆರಂಭದಲ್ಲಿ ಮತ್ತೆ 38ಕ್ಕೆ ಇಳಿಯಿತು. ಗವಿಯನ್ನೇ ಹೋಲುವಂತೆ ಕಟ್ಟಿದ ತೊಟ್ಟಿಯೊಂದು ಸಮೀಪದ ಆಶ್ ಮೆಡೋಸ್‌ನಲ್ಲಿದ್ದುದರಿಂದ ಅಲ್ಲಿ ಬೆಳೆಸಿದ್ದ ಕೆಲವು ಮೀನುಗಳನ್ನು ಗವಿಗೆ ಸೇರಿಸಲು ಸಾಧ್ಯವಾಯಿತು.

ಬೇರೆಡೆಯ ಮೀನನ್ನು ತಂದು ಬಿಡುವ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಇದೇ ಮೀನಿಗಾಗಿ ಮಾಡಿದ್ದ ಹಳೆಯ ಆಶ್ರಯ ತೊಟ್ಟಿಯೊಂದಕ್ಕೆ ನೆರೆಯ ಚಿಲುಮೆಗಳ ಇನ್ನೊಂದು ಪಪ್‌ಫಿಶ್ ಕೆಲವೇ ಸಂಖ್ಯೆಯಲ್ಲಿ ನುಸುಳಿತು. ಅದರ ವಂಶವಾಹಿಗಳು ಕೆಲವೇ ವರ್ಷಗಳಲ್ಲಿ ತೊಟ್ಟಿಯ ತುಂಬ ಹರಡಿ, ಅಲ್ಲಿದ್ದ ಸಂತತಿ ಮೂಲದ ಪ್ರಭೇದವಾಗಿ ಉಳಿಯಲಿಲ್ಲ. ಬೇಟೆಗಾರ ಮೀನು ಬಂದರಂತೂ ಇನ್ನೂ ಕೇಡು. ಫಿಲಿಪ್ಪೀನ್ಸ್‌ನ ಲಾನಾವೊ ಸರೋವರದಿಂದ ಹೊರಡುವ ಅಗುಸ್ ನದಿಯಲ್ಲಿ ದೊಡ್ಡ ಜಲಪಾತವಿರುವುದರಿಂದ ಕೆಳಗಿನ ಮೀನು ಮೇಲೇರಲಾರದು. ಆ ಏಕಾಂತದಲ್ಲಿ ಗೆಂಡೆಯ ಬಳಗದ ಹಲವು ಪ್ರಭೇದಗಳು ಅಲ್ಲಿಯೇ ರೂಪುಗೊಂಡಿದ್ದವು. ಮನುಷ್ಯರು ಹೊರಗಿನ ಮೀನುಗಳನ್ನು, ಕೆಲವನ್ನು ಬೇಕೆಂದೇ, ಕೆಲವನ್ನು ಅರಿವಿಲ್ಲದೆ, ಒಳಗೆ ತಂದರು. ಜೊತೆಗೆ ಮಿತಿಮೀರಿದ ಮೀನುಗಾರಿಕೆಯೂ ಸೇರಿತು. ಅಲ್ಲಿಯೇ ರೂಪುಗೊಂಡಿದ್ದವುಗಳಲ್ಲಿ 15 ಪ್ರಭೇದಗಳು ನಶಿಸಿವೆ ಎಂದು 2020ರಲ್ಲಿ ಘೋಷಿಸಲಾಯಿತು. ಬೇಟೆಗಾರರ ಕಾಟವನ್ನೇ ಕಾಣದೆ ಬೆಳೆದ ಮೀನಿಗೆ ಓಡುವುದನ್ನೂ ಅಡಗುವುದನ್ನೂ ಕಲಿಯಲು ಹಲವು ತಲೆಮಾರುಗಳು ಬೇಕು, ಅಷ್ಟು ವ್ಯವಧಾನ ಅವುಗಳಿಗೆ ಸಿಗಲಿಲ್ಲ.

ಸಾಯದೆಯೂ ಪ್ರಭೇದಗಳು ಅಳಿಯುವುದುಂಟು. ಸ್ವಿಟ್ಜರ್ಲೆಂಡಿನ ಆಳವಾದ ಸರೋವರಗಳಲ್ಲಿ ವೈಟ್‌ಫಿಶ್ ಎಂಬ ಮೀನಿನ ಬೇರೆಬೇರೆ ಪ್ರಭೇದಗಳು ಬೇರೆಬೇರೆ ಆಳದಲ್ಲಿ ಮೊಟ್ಟೆಯಿಡುತ್ತಿದ್ದವು. ಚರಂಡಿ ನೀರು ಮತ್ತು ಗೊಬ್ಬರದ ರಂಜಕ ಸೇರಿ ಆಳದ ನೀರಿನ ಆಮ್ಲಜನಕ ಕುಂದಿದಾಗ ಆಳದವು ಮೇಲಕ್ಕೆ ಬಂದು ಮೇಲಿನವುಗಳೊಡನೆ ಕೂಡಿಕೊಂಡವು. ಬಲೆಗೆ ವೈಟ್‌ಫಿಶ್ ಬೀಳುತ್ತಲೇ ಇತ್ತು, ಆದರೆ ಒಂದೊಂದಾಗಿ ಪ್ರಭೇದಗಳು ಕಣ್ಮರೆಯಾದವು.

ಪ್ರಶ್ನೆ: ಸರೋವರದಲ್ಲಿ ದೊಡ್ಡ ದೊಡ್ಡ ಮೀನು ಸಿಗುತ್ತಿದ್ದರೆ ಅದು ಚೆನ್ನಾಗಿದೆ ಎಂದು ತಿಳಿಯಬಹುದೇ? – ಓದುಗರೊಬ್ಬರು, ಮೈಸೂರು

ಉತ್ತರ: ದೊಡ್ಡ ಮೀನಿನ ಜೊತೆಗೆ ಮರಿಯೂ ಕಂಡರೆ ಮಾತ್ರ ಹಾಗೆ ತಿಳಿಯಬಹುದು. ಕಾರ್ಖಾನೆಗಳ ಹೊಗೆಯಿಂದ ಆಮ್ಲಮಳೆ ಸುರಿದ ಕಾಲದಲ್ಲಿ ದಕ್ಷಿಣ ನಾರ್ವೆ ಮತ್ತು ಕೆನಡಾದ ಒಂಟಾರಿಯೊ ಪ್ರಾಂತದ ಅನೇಕ ಸರೋವರಗಳು ಮೀನಿಲ್ಲದೆ ಬರಿದಾದವು. ಆಮ್ಲಕ್ಕೆ ಮೊದಲು ಬಲಿಯಾಗುವುದು ಮೊಟ್ಟೆ ಮತ್ತು ಮರಿ. ಬೆಳೆದ ಮೀನುಗಳು ಇನ್ನೂ ಕೆಲವು ವರ್ಷ ಬದುಕುತ್ತವೆ. ಪೈಪೋಟಿ ಇಲ್ಲದ್ದರಿಂದ ಕೊಬ್ಬುತ್ತವೆ. ಗಾಳ ಹಾಕುವವರಿಗೆ ಒಳ್ಳೆಯ ಬೇಟೆ ಸಿಕ್ಕ ಆ ವರ್ಷಗಳಲ್ಲೇ ಸಂತತಿ ಮುಗಿಯುತ್ತಿತ್ತು. ಆದ್ದರಿಂದ ಮೀನಿನ ತೂಕದ ಜೊತೆಗೆ ವಯಸ್ಸಿನ ಲೆಕ್ಕವೂ ಬೇಕು. ಹುರುಪೆಯ ಮೇಲಿನ ಉಂಗುರಗಳನ್ನು ಎಣಿಸಿ ಅದನ್ನು ಅಂದಾಜು ಮಾಡುತ್ತಾರೆ.

ಒಂಟಾರಿಯೊದ ಎರಡೇ ಸರೋವರಗಳಲ್ಲಿದ್ದ ಅರೋರಾ ಟ್ರೌಟ್ 1960ರ ದಶಕದಲ್ಲಿ ಹೀಗೆಯೇ ಅಲ್ಲಿಂದ ಮರೆಯಾಯಿತು. ಅದಕ್ಕೂ ಮೊದಲು 1950ರ ದಶಕದಲ್ಲಿ ಹಿಡಿದು ಮೀನುಮರಿ ಕೇಂದ್ರಕ್ಕೆ ಒಯ್ದಿದ್ದ 9 ಮೀನುಗಳಿಂದ ಅದರ ವಂಶ ಉಳಿದುಕೊಂಡಿತು. ನೀರಿನ ಆಮ್ಲೀಯತೆ ತಗ್ಗಿಸಲು ಒಂದು ಸರೋವರಕ್ಕೆ ಸುಣ್ಣ ಹಾಕಿ, 1990ರಲ್ಲಿ ಆ ಒಂಬತ್ತರ ಸಂತತಿಯನ್ನು ಬಿಟ್ಟಾಗ ಅವು ಅಲ್ಲಿ ತಾವಾಗಿಯೇ ಮೊಟ್ಟೆಯಿಟ್ಟು ಮರಿ ಮಾಡಿದವು.