ಮೈಕ್ ಇಲ್ಲದೆ ಒಪೆರಾ ಗಾಯಕರ ದನಿ ಪಿಯಾನೋ ದಾಟಿ ಕೊನೆ ಸಾಲಿಗೂ ಕೇಳುವುದು ಹೇಗೆ?

ಬರೀ ಜೋರಾಗಿ ಹಾಡುವುದರಿಂದ ಅಲ್ಲ. ನಮ್ಮ ಕಿವಿ ತುಂಬಾ ಚುರುಕಾಗಿರುವ ಜಾಗದಲ್ಲೇ ಅವರು ದನಿಗೆ ಬಲ ತುಂಬುತ್ತಾರೆ.

ಯಾವ ಸ್ವರ ಹಾಡಿದರೂ ಅದರ ಮೂಲ ಕಂಪನದ ಜೊತೆ ಇನ್ನೂ ಎತ್ತರದ ಎಷ್ಟೋ ಕಂಪನಗಳು ಸೇರಿರುತ್ತವೆ. ಪಳಗಿದ ಗಾಯಕರು ಹಾಡುವಾಗ ಧ್ವನಿಪೆಟ್ಟಿಗೆ ಸ್ವಲ್ಪ ಕೆಳಗಿಳಿದು, ಅದರ ಮೇಲಿನ ಗಂಟಲು ಅಗಲವಾಗುತ್ತದೆ. ಆಕಳಿಕೆ ಶುರುವಾದಾಗ ಗಂಟಲು ತೆರೆದುಕೊಳ್ಳುತ್ತದೆ ಅಲ್ವಾ, ಹೆಚ್ಚುಕಡಿಮೆ ಹಾಗೆ. ಆಗ ಸೆಕೆಂಡಿಗೆ ಸುಮಾರು 3000 ಸಲ ಆಗುವ ಕಂಪನಗಳು ಒಟ್ಟುಗೂಡಿ ಎದ್ದು ಕೇಳುತ್ತವೆ. ಪಿಯಾನೋ ಇರಲಿ, ಇಡೀ ಆರ್ಕೆಸ್ಟ್ರಾ ಇರಲಿ, ಅವುಗಳ ಬಲ ಜಾಸ್ತಿ ಇರುವುದು ಇದಕ್ಕಿಂತ ಎಷ್ಟೋ ಕೆಳಗೆ. ಹಾಗಾಗಿ ಆ ಎತ್ತರದಲ್ಲಿ ದನಿಗೆ ಪೈಪೋಟಿ ಕಡಿಮೆ.

ಇದು ಮುಖ್ಯವಾಗಿ ಗಂಡಸರ ದನಿಯ ಮಾತು. ಸೊಪ್ರಾನೊ, ಅಂದರೆ ತುಂಬಾ ಎತ್ತರದ ಹೆಣ್ಣುದನಿಯವರು, ಮೇಲಿನ ಸ್ವರಗಳಲ್ಲಿ ಬಾಯಿ ಅಗಲಿಸಿ ಬಾಯೊಳಗಿನ ಅನುರಣನವನ್ನು, ಅಂದರೆ ದನಿ ಒಳಗೇ ಮಾರ್ದನಿಸಿ ಬಲವಾಗುವುದನ್ನು, ಆ ಸ್ವರಕ್ಕೇ ಹೊಂದಿಸುತ್ತಾರೆ. ಅಲ್ಲಿ ಪದಗಳು ಸ್ಪಷ್ಟವಾಗಿ ಕೇಳಿಸದಿರಲು ಇದೂ ಒಂದು ಕಾರಣ.

ಸಭಾಂಗಣವೂ ಕೈಜೋಡಿಸುತ್ತದೆ. 1901ರಲ್ಲಿ ತೆರೆದ ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಇರುವುದು ಸುಮಾರು 550 ಸೀಟು ಮಾತ್ರ. ಅಂಥ ಕಡೆ ಪಿಸುದನಿಯಲ್ಲಿ ಹಾಡಿದ ಸಾಲೂ ಹಿಂದೆ ಕೂತವರಿಗೆ ಮುಟ್ಟುತ್ತದೆ.